ಯಾವ ಪುಸ್ತಕ ಓದಲಿ ಎಂದು ಕೇಳಿದವರಿಗೆ

‘ಓದೋಕೆ ಒಂದೊಳ್ಳೆ ಪುಸ್ತಕ ಹೇಳಿ’ ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ಕೇಳಿದಾಗ, ಹೇಳುವವರನ್ನು ಕೆಲವು ತಪ್ಪು ಕಲ್ಪನೆಗಳು ತಡೆಯುತ್ತವೆ.

ತಪ್ಪು ಕಲ್ಪನೆ: ತ್ರಿವೇಣಿ ಕಾದಂಬರಿ ಹೆಂಗಸರಿಗೆ, ಸಿನಿಮಾ ನೋಡಿದ್ದರೆ ಪುಸ್ತಕ ಬೇಕಿಲ್ಲ.
ವಾಸ್ತವ: 1928ರಲ್ಲಿ ಮಂಡ್ಯದಲ್ಲೇ ಹುಟ್ಟಿದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರ ಅನುಮಾನ ಮಾತ್ರ ಗುಣವಾಗುವುದಿಲ್ಲ. ಪುಟ್ಟಣ್ಣ ಕಣಗಾಲರ 1971ರ ಚಿತ್ರ ನೋಡಿದವರೂ ಇದನ್ನು ಓದಬೇಕು, ಗಂಡಸರಂತೂ ಓದಲೇಬೇಕು.

ತಪ್ಪು ಕಲ್ಪನೆ: ಪತ್ತೇದಾರಿ ಓದಿದರೆ ರುಚಿ ಕೆಡುತ್ತದೆ.
ವಾಸ್ತವ: ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು, ಅಸಂಖ್ಯ ಕನ್ನಡಿಗರಿಗೆ ಓದಿನ ಹುಚ್ಚು ಹಿಡಿಸಿದರು. ಆ ಕುತೂಹಲ ಇರುವವರಿಗೆ ಮುಂದೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕೊಡಿ. ಏಲಕ್ಕಿ ಸೀಮೆಯ ನಿಗೂಢ ಸಾವೊಂದರ ಬೆನ್ನು ಹತ್ತುವ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ತಪ್ಪು ಕಲ್ಪನೆ: ‘ಕುಸುಮಬಾಲೆ’ ವಿದ್ವಾಂಸರಿಗೆ, ಹಳ್ಳಿಯವರಿಗೆ ಕಷ್ಟ.
ವಾಸ್ತವ: ಮಳವಳ್ಳಿ ಸೀಮೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವ ಸೀಮೆ. ರಾತ್ರಿಯಿಡೀ ಕೂತು ಅದನ್ನು ಕೇಳಿದ ಕಿವಿಗೆ ದೇವನೂರ ಮಹಾದೇವರ ಈ ಕಾದಂಬರಿಯ ನಂಜನಗೂಡು ಕಡೆಯ ಮಾತು ಪರಕೀಯವಲ್ಲ. ತೊಡಕು ಬರುವುದು ಪುಸ್ತಕದ ಭಾಷೆಯೊಂದನ್ನೇ ಬಲ್ಲವರಿಗೆ. ಈ ಪುಸ್ತಕ ಹೇಳುವಾಗ ‘ಗಟ್ಟಿಯಾಗಿ ಓದಿ’ ಎಂಬ ಮಾತನ್ನೂ ಸೇರಿಸಿ. ಕಣ್ಣಿಗೆ ಕಗ್ಗಂಟಾದ ಸಾಲು ಬಾಯಿಗೆ ಬಂದಾಗ ಬಿಡಿಸಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಆತ್ಮಕಥೆ ಎಂದರೆ ದೊಡ್ಡವರ ಸಾಧನೆಯ ಪಟ್ಟಿ.
ವಾಸ್ತವ: ಸಿದ್ಧಲಿಂಗಯ್ಯನವರ ‘ಊರುಕೇರಿ’ ಹಸಿವು, ಅವಮಾನಗಳನ್ನು ನಗಿಸುತ್ತಲೇ ಹೇಳಿ ಎದೆ ಕಲಕುತ್ತದೆ. ಸಮಾಧಾನದ ಓದು ಬೇಕೆಂಬ ಹಿರಿಯರಿಗೆ, ನಮ್ಮ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾವ್ ಅವರ ‘ಸಂಜೆಗಣ್ಣಿನ ಹಿನ್ನೋಟ’ ಇದೆ.

ತಪ್ಪು ಕಲ್ಪನೆ: ಪ್ರಶಸ್ತಿ ಬಂದ ಪುಸ್ತಕ ಎಲ್ಲರಿಗೂ ಒಪ್ಪುತ್ತದೆ.
ವಾಸ್ತವ: ಹಸಿವು ನೋಡದೆ ಬಡಿಸಿದ ಊಟದಂತೆ ಅದು ಎಲೆಯಲ್ಲೇ ಉಳಿದೀತು. ಕೊನೆಯದಾಗಿ ಮುಗಿಸಿದ ಪುಸ್ತಕ ಯಾವುದು, ಅರ್ಧಕ್ಕೇ ಬಿಟ್ಟದ್ದು ಯಾವುದು, ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ಮೊದಲು ಕೇಳಿ. ಬಸ್ಸಿನಲ್ಲಿ ಹೋಗಿಬರುವಾಗ ಮಾತ್ರ ಬಿಡುವಿರುವ ಮದ್ದೂರಿನವರಿಗೆ, ಅದೇ ತಾಲೂಕಿನ ವೈದ್ಯ ಬೆಸಗರಹಳ್ಳಿ ರಾಮಣ್ಣನವರ ಸಣ್ಣಕಥೆಗಳು ಹೊಂದುತ್ತವೆ.

ಹತ್ತು ಹೆಸರಿನ ಪಟ್ಟಿ ಬೇಡ. ಒಂದೇ ಪುಸ್ತಕ ಹೇಳಿ. ಅವರಿಗೆ ಅದೇ ಏಕೆ ಎಂದೂ ಹೇಳಿ. ಕಥೆಯ ಕೊನೆ ಬಿಟ್ಟುಕೊಡಬೇಡಿ. ಕೊಳ್ಳಲಾಗದವರಿಗೆ ಊರಿನ ಗ್ರಂಥಾಲಯ ತೋರಿಸಿ. ಇಷ್ಟವಾಗದಿದ್ದರೆ ಬೇಸರಿಸದೆ ಇನ್ನೊಂದು ಹೇಳಿ. ಒಬ್ಬರ ಮನಸ್ಸು ತಿಳಿದು ಹೇಳಿದ ಪುಸ್ತಕವೇ ಅವರನ್ನು ಓದುಗರನ್ನಾಗಿ ಉಳಿಸುತ್ತದೆ.