ಮಂದಾರವೃಕ್ಷವೂ ಅದರ ಒಡಹುಟ್ಟುಗಳೂ

ಹೂವಿನ ಮರಗಳನ್ನು ಹೂವಿನಿಂದಲೇ ಗುರುತಿಸುವುದು ಲೋಕದ ವಾಡಿಕೆ. ಮಂದಾರವನ್ನಾದರೋ ಎಲೆಯಿಂದ ಗುರುತಿಸಬೇಕು. ಬುಡದಲ್ಲಿ ಒಂದಾಗಿ ಕೂಡಿ, ತುದಿಯಲ್ಲಿ ಎರಡಾಗಿ ಸೀಳಿರುವ ಈ ಎಲೆಯು ಎತ್ತಿನ ಗೊರಸಿನ ಗುರುತಿನಂತೆ ಕಾಣುವುದರಿಂದ ನಮ್ಮ ಜನರು ಈ ಮರಕ್ಕೆ ಬಸವನಪಾದವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಇರುಳಾಗುತ್ತಲೇ ಎಲೆಯ ಎರಡು ಭಾಗಗಳು ಪುಸ್ತಕವನ್ನು ಮುಚ್ಚಿದಂತೆ ಮಡಿಸಿಕೊಂಡು, ಬೆಳಗಾಗಲು ಮರಳಿ ತೆರೆಯುತ್ತವೆ. ಹೆಸರನ್ನು ಮಾತ್ರ ನಂಬುವಂತಿಲ್ಲ. ಏಕೆಂದರೆ ಸಂಸ್ಕೃತದಲ್ಲಿ ಮಂದಾರವೆಂಬ ಹೆಸರು ಮುಳ್ಳುಳ್ಳ ಹಾಲಿವಾಣಕ್ಕೂ ಸಲ್ಲುತ್ತದೆ. ಎಲೆಯನ್ನು ನೋಡಿದವರಿಗೆ ಈ ಸಂದೇಹವು ಉಳಿಯದು.

ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಬೌಹಿನಿಯಾ ಎಂದು ಕರೆಯುತ್ತಾರೆ. ಈ ಹೆಸರಿನ ಹಿಂದೆ ಇಬ್ಬರು ಸಹೋದರರ ಸ್ಮರಣೆಯಿದೆ. 1541ರಲ್ಲಿ ಹುಟ್ಟಿದ ಜೀನ್ ಬೌಹಿನ್, 1560ರಲ್ಲಿ ಹುಟ್ಟಿದ ಗ್ಯಾಸ್ಪರ್ಡ್ ಬೌಹಿನ್ ಎಂಬ ಈ ಪಂಡಿತರು, ಮಿಶನಿನ ಮೂಲಕ ನಮ್ಮ ಕರಾವಳಿಯವರಿಗೆ ಪರಿಚಿತವಾದ ಬಾಸೆಲ್ ಪಟ್ಟಣದವರು. ಕಿರಿಯನು 1623ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಮಾರು 6,000 ಸಸ್ಯಗಳನ್ನು ಹೆಸರಿಸಿ ಕ್ರಮಪಡಿಸಿದನು. ಪ್ಲುಮಿಯೇ ಎಂಬ ಫ್ರೆಂಚ್ ಸನ್ಯಾಸಿಯು ಇವರ ಗೌರವಾರ್ಥವಾಗಿ ಇಟ್ಟ ಹೆಸರನ್ನು ಲಿನ್ನೇಯಸ್ ಪಂಡಿತನು ಒಪ್ಪಿಕೊಂಡು, ಒಂದೇ ಬುಡದಿಂದ ಹೊರಟ ಎರಡು ಹಾಳೆಗಳುಳ್ಳ ಎಲೆಯು ಈ ಅಣ್ಣತಮ್ಮಂದಿರಿಗೆ ಬಹು ಯೋಗ್ಯವಾದ ಗುರುತೆಂದು ಹೇಳಿದನು.

ಅವರೆಯೂ ತೊಗರಿಯೂ ಸೇರಿರುವ ದ್ವಿದಳಧಾನ್ಯಗಳ ಕುಟುಂಬಕ್ಕೇ ಮಂದಾರವೂ ಸೇರಿದ್ದು. ಕಾಯಿಯನ್ನು ನೋಡಿದರೆ ಈ ಸಂಬಂಧವು ಸ್ಪಷ್ಟವಾಗುವುದು. ಉಷ್ಣವಲಯದ ದೇಶಗಳಲ್ಲಿ ಇದರ 150ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ರಸ್ತೆಗಳಲ್ಲಿಯೂ ತೋಟಗಳಲ್ಲಿಯೂ ಕಾಣುವವುಗಳನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಹೂವಿನ ನಡುವೆ ಪರಾಗವನ್ನು ಹೊತ್ತ ಕೇಸರಗಳನ್ನು ಎಣಿಸಿದರೆ ಸಾಕು. ಮಾಗಿಯ ಮೊದಲಲ್ಲಿ, ಎಲೆಗಳು ತುಂಬಿರುವಾಗಲೇ, ಕಿರಿದಾದ ನೇರಳೆಗೆಂಪು ದಳಗಳ ಹೂವನ್ನು ಬಿಡುವ ಮರದಲ್ಲಿ ಕೇಸರಗಳು ಮೂರು. ಶಿಶಿರದಲ್ಲಿ ಎಲೆಯುದುರಿಸಿ, ಬರಿಗೊಂಬೆಗಳ ಮೇಲೆ ಒಂದರ ಮೇಲೊಂದು ಹಾಯ್ದ ಅಗಲವಾದ ದಳಗಳ ಹೂವನ್ನು ಬಿಡುವ ಕಾಂಚನದಲ್ಲಿ ಐದು. ಗಿಡವಾಗಿಯೇ ಉಳಿಯುವ ಬಿಳಿಯ ಮಂದಾರದಲ್ಲಿಯೂ, ಗಂಟೆಯಂತೆ ಜೋಲುವ ಹಳದಿಯ ಮಂದಾರದಲ್ಲಿಯೂ ಹತ್ತು.

ಉಪಯೋಗದಲ್ಲಿಯೂ ಇವು ಹಿಂದೆ ಬಿದ್ದಿಲ್ಲ. ಉತ್ತರ ಹಿಂದುಸ್ಥಾನದಲ್ಲಿ ಕಾಂಚನದ ಮೊಗ್ಗುಗಳಿಂದ ಪಲ್ಯ ಮಾಡುತ್ತಾರೆ. ಅದರ ತೊಗಟೆಯು ಆಯುರ್ವೇದದಲ್ಲಿ ಗಂಡಮಾಲೆಗೆ ಔಷಧವಾಗಿದೆ. ಮಹಾರಾಷ್ಟ್ರದಲ್ಲಿ ಆಪಟಾ ಎಂಬ ಪ್ರಭೇದದ ಎಲೆಗಳನ್ನು ವಿಜಯದಶಮಿಯ ದಿನ ಬಂಗಾರವೆಂದು ಹಂಚುತ್ತಾರೆ. ರಾಮಾಯಣದಲ್ಲಿ ಅಣ್ಣನನ್ನು ಅರಸಿ ಕಾಡಿಗೆ ಬಂದ ಭರತನ ಧ್ವಜದಲ್ಲಿದ್ದ ಕೋವಿದಾರವೂ ಈ ಕುಲದ್ದೇ ಎಂದು ಅನೇಕ ಪಂಡಿತರ ಅಭಿಪ್ರಾಯ.

ಈ ಬಳಗದಲ್ಲೆಲ್ಲಾ ವಿಚಿತ್ರವಾದ ಚರಿತ್ರೆಯುಳ್ಳದ್ದು ಹಾಂಗ್‌ಕಾಂಗ್ ದ್ವೀಪದ ಮಂದಾರ. 1880ರ ಸುಮಾರಿಗೆ ಫ್ರೆಂಚ್ ಮಿಶನರಿಯೊಬ್ಬರು ಅಲ್ಲಿಯ ಪೊಕ್‌ಫುಲಂ ಎಂಬಲ್ಲಿ ಕಡಲ ದಡದ ಹತ್ತಿರ ಈ ಮರವನ್ನು ಕಂಡರು. ಅದರ ಗೆಲ್ಲುಗಳನ್ನು ತಂದು, ಸಮೀಪದಲ್ಲಿ ತಮ್ಮ ಸಂಘದವರಿಗಿದ್ದ ಆರೋಗ್ಯಧಾಮದಲ್ಲಿ ನೆಟ್ಟು ಬೆಳೆಸಲಾಯಿತು. ಅಲ್ಲಿಂದ ಅದು ಸರಕಾರದ ಸಸ್ಯೋದ್ಯಾನಕ್ಕೆ ಹೋಯಿತು. 1908ರಲ್ಲಿ ಡನ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ವರ್ಣಿಸಿ, ಹಿಂದೆ ಅಲ್ಲಿ ಗವರ್ನರರಾಗಿದ್ದ ಸರ್ ಹೆನ್ರಿ ಬ್ಲೇಕರ ಹೆಸರನ್ನಿಟ್ಟನು. ಅಂಗೈಯಗಲದ ಈ ಹೂವು ಎಷ್ಟು ಅಂದವಾಗಿದ್ದರೂ ಕಾಯಿಗಟ್ಟುವುದಿಲ್ಲ. ನಾವು ಮೇಲೆ ಕಂಡ ಮೂರು ಕೇಸರಗಳ ಮಂದಾರವೂ ಐದು ಕೇಸರಗಳ ಕಾಂಚನವೂ ಬೆರೆತು ಹುಟ್ಟಿದ ಮಿಶ್ರಸಂತಾನವೇ ಇದೆಂದು 2005ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದಿತು. ಬೀಜವಿಲ್ಲದ ಕಾರಣ ಇದು ಕಸಿಯಿಂದಲೋ, ಗೆಲ್ಲನ್ನು ನೆಡುವುದರಿಂದಲೋ ಮಾತ್ರ ವೃದ್ಧಿಯಾಗಬೇಕು. ಇಂದು ದೇಶದೇಶಗಳಲ್ಲಿರುವ ಈ ಜಾತಿಯ ಮರಗಳೆಲ್ಲವೂ ಆ ಒಂದೇ ಮರದ ಅಂಶಗಳೆಂದು ತಿಳಿದವರು ಹೇಳುತ್ತಾರೆ. 1997ರಿಂದ ಇದರ ಐದು ದಳಗಳ ಹೂವು ಹಾಂಗ್‌ಕಾಂಗಿನ ಧ್ವಜವನ್ನು ಅಲಂಕರಿಸುತ್ತಿದೆ.

ಆ ದಾರಿಯಾಗಿ ಹೋದವರು ನೋಡಿಯೂ ನೋಡದಂತೆ ಮುಂದೆ ನಡೆದಿದ್ದರೆ, ಆ ಮರವು ಒಣಗಿದ ದಿನವೇ ಅದರ ವಂಶವೂ ಮುಗಿಯುತ್ತಿತ್ತು. ಒಂದು ಗೆಲ್ಲನ್ನು ಮುರಿದು ತಂದು ನೆಟ್ಟದ್ದರಿಂದ ಅದು ಉಳಿಯಿತು. ನಮ್ಮ ಮಂದಾರಗಳು ಬೀಜದಿಂದಲೇ ಸುಲಭವಾಗಿ ಮೊಳೆಯುವವು. ಮನೆಯಂಗಳದಲ್ಲಿ ಅಷ್ಟು ಸ್ಥಳವುಳ್ಳ ತಾಯಂದಿರು ಒಂದನ್ನು ನೆಟ್ಟು, ಅದು ಹೂಬಿಟ್ಟಾಗ ಮಕ್ಕಳಿಂದ ಕೇಸರಗಳನ್ನು ಎಣಿಸಿದರೆ, ಸಸ್ಯಶಾಸ್ತ್ರದ ಮೊದಲನೆಯ ಪಾಠವು ಪುಸ್ತಕವಿಲ್ಲದೆಯೇ ಆದಂತಾಗುವುದು.