ಬೆಟ್ಟದ ಬೆನ್ನ ಹಿಂದಿನ ಸೇಬು

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರು ಕಡಿಮೆಯೇನಿಲ್ಲ. ಅಂಥ ಗಂಡ-ಹೆಂಡತಿ ಬೇಸಿಗೆಯಲ್ಲಿ ಒಂದು ಆರ್‌ವಿ ಬಾಡಿಗೆಗೆ ಹಿಡಿದು 2ನೇ ನಂಬರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರು ಎನ್ನಿ. ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತ ಆ ಗಾಡಿ ಕ್ಯಾಸ್ಕೇಡ್ ಪರ್ವತಸಾಲನ್ನು ಏರಿ, 1,238 ಮೀಟರ್ ಎತ್ತರದ ಸ್ಟೀವನ್ಸ್ ಪಾಸ್ ದಾಟಿ, ವೆನಾಚಿ ಕಣಿವೆಗೆ ಇಳಿಯುತ್ತದೆ. ಏರುವಾಗ ಕೊಂಬೆಕೊಂಬೆಗೂ ಪಾಚಿ ಜೋತುಬಿದ್ದ ದಟ್ಟ ಕಾಡು. ಇಳಿಯುವಾಗ ಮರಗಳು ಒಂದೊಂದಾಗಿ ದೂರ ಸರಿಯುತ್ತವೆ, ಪಾಂಡೆರೋಸ ಪೈನ್‌ಗಳು ವಿರಳವಾಗುತ್ತವೆ, ಗುಡ್ಡಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಆ ಬೋಳು ಗುಡ್ಡಗಳ ಬುಡದಲ್ಲೇ ಸೇಬು, ಮರಸೇಬು, ಚೆರ್ರಿ ತೋಟಗಳು ಹಸಿರು ಪಟ್ಟಿ ಎಳೆದಂತೆ ಶುರುವಾಗುತ್ತವೆ. ಬೆಟ್ಟ ನೋಡಿದ್ದಾಯಿತು, ಇನ್ನು ಹಣ್ಣು ತಿನ್ನೋಣ ಎಂದು ಪ್ರವಾಸಿಗರು ಇವೆರಡನ್ನೂ ಬೇರೆಬೇರೆ ಖುಷಿಗಳೆಂದು ಎಣಿಸುತ್ತಾರೆ. ಆದರೆ ಆ ಹಣ್ಣು ಆ ಬೆಟ್ಟದ್ದೇ ಕೆಲಸ.

ಬೆಟ್ಟದ ಕೆಲಸ ಶುರುವಾಗುವುದು ಗಾಳಿಯ ಒತ್ತಡದಿಂದ. ಅದರ ಸುಳಿವು ಗಾಡಿಯೊಳಗೇ ಸಿಗುತ್ತದೆ. ಸಿಯಾಟಲ್‌ನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಸ್ಟೀವನ್ಸ್ ಪಾಸ್ ತಲುಪುವಷ್ಟರಲ್ಲಿ ಉಬ್ಬಿ ನಿಂತಿರುತ್ತದೆ. ಹೊರಗಿನ ಒತ್ತಡ ಕಡಿಮೆಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಪೆಸಿಫಿಕ್ ಸಾಗರದಿಂದ ಬಂದು ಬೆಟ್ಟ ಹತ್ತುವ ತೇವದ ಗಾಳಿಗೂ ಇದೇ ಗತಿ. ಹಿಗ್ಗುವುದಕ್ಕೆ ಅದು ತನ್ನದೇ ಶಾಖವನ್ನು ವ್ಯಯಿಸಬೇಕು, ಹಾಗಾಗಿ ತಣ್ಣಗಾಗುತ್ತದೆ. ಮೋಡ ಕಟ್ಟುವ ಮುನ್ನ ಪ್ರತಿ ಕಿಲೋಮೀಟರ್ ಏರಿಕೆಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇಳಿಕೆ. ಮೋಡ ಕಟ್ಟಿದ ಮೇಲೆ, ಆವಿ ನೀರಾಗುವಾಗ ಬಿಡುವ ಗುಪ್ತೋಷ್ಣದಿಂದಾಗಿ, ಸುಮಾರು 6 ಡಿಗ್ರಿ ಮಾತ್ರ. ಹೊತ್ತು ತಂದ ನೀರನ್ನು ಪಶ್ಚಿಮದ ಇಳಿಜಾರಿನಲ್ಲೇ ಸುರಿದ ಗಾಳಿ ಆಚೆ ಇಳಿಯುವಾಗ ಮತ್ತೆ ಕುಗ್ಗುತ್ತದೆ, ಕಿಲೋಮೀಟರಿಗೆ 10 ಡಿಗ್ರಿಯಂತೆ ಬಿಸಿಯೇರುತ್ತದೆ. ಹೀಗೆ ಪೂರ್ವದ ಕಣಿವೆಗೆ ತಲುಪುವುದು ಒಣಗಿದ, ಬೆಚ್ಚಗಿನ ಗಾಳಿ. ಸಿಯಾಟಲ್‌ನಲ್ಲಿ ವರ್ಷಕ್ಕೆ 950 ಮಿಲಿಮೀಟರಿಗಿಂತ ಹೆಚ್ಚು ಮಳೆಯಾದರೆ ವೆನಾಚಿಯಲ್ಲಿ 230ರ ಆಸುಪಾಸು. ಇದೇ ಮಳೆನೆರಳು.

ಮಳೆಯಿಲ್ಲದ ನೆಲ ಹಣ್ಣಿಗೆ ಶಾಪವಲ್ಲವೇ? ಬೇರಿಗೆ ಶಾಪ ಇರಬಹುದು; ಎಲೆಗೆ, ಹೂವಿಗೆ, ಸಿಪ್ಪೆಗೆ ಅದು ವರ. ಸೇಬು ಬೆಳೆಗಾರರಿಗೆ ಬಹುದೊಡ್ಡ ತಲೆನೋವು ಹಣ್ಣಿನ ಮೇಲೆ ಕಪ್ಪು ಹಕ್ಕಳೆ ಎಬ್ಬಿಸುವ ಕಜ್ಜಿರೋಗ. ಅದರ ಶಿಲೀಂಧ್ರದ ಬೀಜಕ ಎಲೆಯೊಳಗೆ ಇಳಿಯಬೇಕಾದರೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿಯೇ ಇರಬೇಕು. ಸಿಯಾಟಲ್‌ನಲ್ಲೂ ಬೇಸಿಗೆ ಒಣಗಿಯೇ ಇರುತ್ತದಲ್ಲ ಎಂದು ಅಲ್ಲಿಯವರು ಆಕ್ಷೇಪಿಸಬಹುದು. ನಿಜ, ಆದರೆ ರೋಗ ನೆಲೆಯೂರುವುದು ಚಿಗುರು, ಹೂವು ಎಳೆಯದಾಗಿರುವ ವಸಂತದಲ್ಲಿ, ಪಶ್ಚಿಮದಲ್ಲಿ ಇನ್ನೂ ಮಳೆ ಹನಿಯುತ್ತಿರುವಾಗ. ಚೆರ್ರಿಯದು ಇನ್ನೂ ನಾಜೂಕು. ಮಾಗಿದ ಚೆರ್ರಿಯ ಮೇಲೆ ಮಳೆ ನಿಂತರೆ ಒಳಗಿನ ಸಕ್ಕರೆ ಸಿಪ್ಪೆಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಹಣ್ಣು ಬಿರಿಯುತ್ತದೆ. ಕೊಯ್ಲಿನ ಹೊತ್ತಿಗೆ ಅಪರೂಪಕ್ಕೊಂದು ಮಳೆ ಬಿದ್ದರೆ ಇಲ್ಲಿನ ತೋಟದವರು ಹೆಲಿಕಾಪ್ಟರ್ ತರಿಸಿ ಮರಗಳ ನೆತ್ತಿಯ ಮೇಲೆ ಹಾರಿಸುತ್ತಾರೆ. ರೆಕ್ಕೆಗಳ ಗಾಳಿಗೆ ಹನಿಗಳು ಉದುರಿಹೋಗಲಿ ಎಂದು. ಮಳೆಯನ್ನು ಓಡಿಸಲು ಇಷ್ಟು ದುಡ್ಡು ಸುರಿಯುವುದು, ಮಳೆ ನಿತ್ಯದ ಅತಿಥಿಯಾಗಿದ್ದರೆ ಯಾರಿಗೂ ಗಿಟ್ಟುವ ಮಾತಲ್ಲ.

ಒಣಹವೆಯಿಂದ ಎರಡನೆಯ ಲಾಭ ರಾತ್ರಿಯದು. ನೀರಾವಿ ಭೂಮಿಗೆ ಹೊದಿಕೆಯಿದ್ದಂತೆ. ಅದು ತೆಳುವಾದಲ್ಲಿ ಹಗಲಿನ ಕಾವು ಸಂಜೆಯಾಗುತ್ತಲೇ ಆಕಾಶಕ್ಕೆ ಸೋರಿಹೋಗುತ್ತದೆ. ರಾತ್ರಿ ತಂಪಾದಷ್ಟೂ ಹಣ್ಣಿನ ಉಸಿರಾಟ ನಿಧಾನ, ಹಗಲಲ್ಲಿ ಕೂಡಿಟ್ಟ ಸಕ್ಕರೆಯ ಖರ್ಚು ಕಡಿಮೆ. ಸಿಪ್ಪೆಗೆ ಕೆಂಪು ತರುವ ಆಂಥೋಸಯನಿನ್ ಎಂಬ ಬಣ್ಣವೂ ಹಗಲ ಬಿಸಿಲು, ರಾತ್ರಿಯ ತಂಪು ಎರಡೂ ಕೂಡಿದಾಗ ಚೆನ್ನಾಗಿ ಮೂಡುತ್ತದೆ. ಜೊತೆಗೆ, ಸೇಬಿನ ಹೆಚ್ಚಿನ ತಳಿಗಳ ಮೊಗ್ಗು ಸರಿಯಾಗಿ ಒಡೆಯಲು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರದ ಹತ್ತಿರ ಹತ್ತಿರ ಗಂಟೆಗಳಾದರೂ ಬೇಕು; ಇಲ್ಲಿನ ಚಳಿಗಾಲ ಅದನ್ನೂ ಕೊಡುತ್ತದೆ. ರಾತ್ರಿಯ ಇದೇ ತಂಪು ವಸಂತದಲ್ಲಿ ತಿರುಗಿಬೀಳುವುದೂ ಉಂಟು. ಭಾರವಾದ ತಣ್ಣನೆ ಗಾಳಿ ರಾತ್ರಿ ಇಳಿಜಾರಿನಿಂದ ನೀರಿನಂತೆ ಹರಿದು ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ, ಹೂವು ಕರಕಲಾಗುತ್ತದೆ. ತೋಟಗಳ ನಡುವೆ ಎತ್ತರದ ಕಂಬದ ತುದಿಯಲ್ಲಿ ಕಾಣುವ ವಿಮಾನದಂಥ ರೆಕ್ಕೆಗಳನ್ನು ಪ್ರವಾಸಿಗರು ಗಾಳಿವಿದ್ಯುತ್ ಯಂತ್ರವೆಂದು ತಿಳಿಯುತ್ತಾರೆ. ಅವು ಕರೆಂಟು ಹುಟ್ಟಿಸುವುದಿಲ್ಲ. ಮೇಲೆ ತೇಲುತ್ತಿರುವ ಬೆಚ್ಚನೆ ಗಾಳಿಯನ್ನು ಕೆಳಗೆಳೆದು ಹೂವಿನ ಮಟ್ಟಕ್ಕೆ ಬೆರೆಸುವುದು ಅವುಗಳ ಕೆಲಸ.

ಹಾಗಾದರೆ ಬೇರಿಗೆ ನೀರು ಎಲ್ಲಿಂದ? ಅದನ್ನೂ ಬೆಟ್ಟವೇ ಕೊಡುತ್ತದೆ, ಸಾಲದ ಕಂತಿನಂತೆ. ಚಳಿಗಾಲದಲ್ಲಿ ತುದಿಗಳ ಮೇಲೆ ಬಿದ್ದದ್ದು ಮಳೆಯಾಗಿ ಹರಿದುಹೋಗದೆ ಹಿಮವಾಗಿ ಕೂರುತ್ತದೆ. ಇದೇ ಸಾಲಿನ ಮೌಂಟ್ ಬೇಕರ್ ಬಳಿ 1998-99ರ ಹಂಗಾಮಿನಲ್ಲಿ ಬಿದ್ದ ಹಿಮವನ್ನೆಲ್ಲ ಕೂಡಿಸಿದಾಗ 28 ಮೀಟರ್ ಮೀರಿತ್ತು. ಆ ರಾಶಿ ಏಪ್ರಿಲ್‌ನಿಂದ ಕರಗತೊಡಗಿ, ಗಿಡ ಬಾಯಾರಿದ ತಿಂಗಳುಗಳಲ್ಲಿ ಹೊಳೆಗೆ ಇಳಿಯುತ್ತದೆ. ಎಲೆ ಒಣಗಿರಬೇಕು, ಬೇರು ಒದ್ದೆಯಿರಬೇಕು ಎಂಬ ವಿಚಿತ್ರ ಬೇಡಿಕೆಯನ್ನು ಪೂರೈಸುವ ಏರ್ಪಾಡು ಇದು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಬೆಟ್ಟ ಲಕ್ಷಾಂತರ ವರ್ಷಗಳಿಂದ ಅಲ್ಲೇ ಇತ್ತು. ಸೇಬು ಬಂದದ್ದು ಮನುಷ್ಯ ಕೈಹಾಕಿದ ಮೇಲೆ ಅಲ್ಲವೇ? 1893ರಲ್ಲಿ ಗ್ರೇಟ್ ನಾರ್ದರ್ನ್ ರೈಲುಮಾರ್ಗ ಈ ಘಟ್ಟ ದಾಟಿತು, 1903ರಲ್ಲಿ ಹೈಲೈನ್ ಕಾಲುವೆ ವೆನಾಚಿಯ ತೋಟಗಳಿಗೆ ನೀರು ತಂದಿತು, 1942ರ ಗ್ರ್ಯಾಂಡ್ ಕೂಲೀ ಅಣೆಕಟ್ಟು ಮುಂದೆ ಪೂರ್ವದ ಬಯಲಿಗೂ ನೀರುಣಿಸಿತು. ಇವಿಲ್ಲದೆ ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ವಾಷಿಂಗ್ಟನ್ ರಾಜ್ಯದ್ದಾಗುತ್ತಿರಲಿಲ್ಲ. ಒಪ್ಪುವ ಮಾತೇ. ಆದರೆ ಕಾಲುವೆ ನೀರನ್ನು ಸಾಗಿಸಬಲ್ಲದು, ಹುಟ್ಟಿಸಲಾರದು; ಎಲೆ ಒಣಗಿಸುವ ಕಾಲುವೆಯನ್ನಂತೂ ಯಾರೂ ತೋಡಿಲ್ಲ. ಇಂಥ ಬೆಟ್ಟಸಾಲು ಇಲ್ಲದ ಮಿಷಿಗನ್‌ನಲ್ಲೂ ಸೇಬಿದೆಯಲ್ಲ ಎಂದರೆ, ಅಲ್ಲಿ ದೊಡ್ಡ ಸರೋವರ ಚಳಿಯ ಏಟನ್ನು ತಗ್ಗಿಸುತ್ತದೆ, ಬೇಸಿಗೆಯ ಮಳೆ ನೀರುಣಿಸುತ್ತದೆ. ಆದರೆ ಆ ಮಳೆಯ ಜೊತೆಗೇ ಕಜ್ಜಿರೋಗವೂ ಬರುವುದರಿಂದ ಅಲ್ಲಿನವರಿಗೆ ಔಷಧಿ ಸಿಂಪಡಿಸುವ ಕೆಲಸ ಹೆಚ್ಚು.

ಈ ಲೆಕ್ಕ ಕನ್ನಡನಾಡಿಗೆ ಹೊಸದಲ್ಲ. ಸಹ್ಯಾದ್ರಿಯ ಮಳೆನೆರಳಲ್ಲಿರುವ ವಿಜಯಪುರದ ದ್ರಾಕ್ಷಿಯೂ ಒಣಹವೆಯ ಮಗುವೇ. ಅಕಾಲದ ಮಳೆ, ಮೋಡ ಕವಿದ ದಿನಗಳೆಂದರೆ ಅಲ್ಲಿಯ ಬೆಳೆಗಾರರಿಗೆ ಬೂಜುರೋಗದ ಭಯ. ಅಲ್ಲಿನ ಕೃಷ್ಣೆಯ ನೀರೂ ಪಶ್ಚಿಮಘಟ್ಟದಲ್ಲಿ ಬಿದ್ದದ್ದು. ವ್ಯತ್ಯಾಸ ಒಂದೇ: ಸಹ್ಯಾದ್ರಿಗೆ ಹಿಮವಿಲ್ಲ. ನಾಲ್ಕು ತಿಂಗಳಲ್ಲಿ ನುಗ್ಗಿಬರುವ ನೀರನ್ನು ಹಿಡಿದಿಡಲು ಆಲಮಟ್ಟಿ ಕಟ್ಟಬೇಕಾಯಿತು. ಕ್ಯಾಸ್ಕೇಡ್‌ನಲ್ಲಿ ಆ ಅಣೆಕಟ್ಟಿನ ಕೆಲಸದ ದೊಡ್ಡ ಪಾಲನ್ನು ಚಳಿ ಪುಕ್ಕಟೆಯಾಗಿ ಮಾಡಿಕೊಟ್ಟಿದೆ.

ಪುಕ್ಕಟೆ ಸಿಕ್ಕದ್ದು ಹಾಗೆಯೇ ಉಳಿಯುತ್ತದೆಂಬ ಖಾತ್ರಿಯಿಲ್ಲ. 2015ರಲ್ಲಿ ವಾಷಿಂಗ್ಟನ್ ರಾಜ್ಯ ಬರ ಘೋಷಿಸಿತು. ಹಿಂದಿನ ಚಳಿಗಾಲದಲ್ಲಿ ಬೀಳಬೇಕಾದ ನೀರು ಹೆಚ್ಚುಕಡಿಮೆ ಬಿದ್ದಿತ್ತು; ಆದರೆ ಹವೆ ಬೆಚ್ಚಗಿದ್ದುದರಿಂದ ಹಿಮವಾಗದೆ ಮಳೆಯಾಗಿಯೇ ಬಿದ್ದು ಬೇಸಿಗೆಗೆ ಮುಂಚೆ ಸಮುದ್ರ ಸೇರಿತ್ತು. ಮೋಡ ಕೈಕೊಡದೆಯೂ ಬರ ಬಂದದ್ದು ಹೀಗೆ. ಬೆಟ್ಟ ಅಲ್ಲೇ ಇದೆ, ಮಳೆನೆರಳೂ ಇರುತ್ತದೆ. ಸಡಿಲವಾಗುತ್ತಿರುವ ಕೊಂಡಿ ಹಿಮದ್ದು. ಜೂನ್‌ನಲ್ಲಿ ಸ್ಟೀವನ್ಸ್ ಪಾಸ್‌ನಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ದಂಪತಿಗೆ ಸುತ್ತಲ ಶಿಖರಗಳ ಮೇಲಿನ ಬಿಳುಪು ನೋಟದ ಸೊಗಸು. ಕೆಳಗಿನ ತೋಟದವರಿಗೆ ಅದು ಆಗಸ್ಟ್ ತಿಂಗಳ ನೀರು.