ಬಾಲ್ಯದ ಸಾಲ, ಮುಪ್ಪಿನ ಬಡ್ಡಿ

“ತಾತ, ಸಕ್ಕರೆ ಕಾಯಿಲೆ ದಪ್ಪ ಇರೋರಿಗೆ ತಾನೆ ಬರೋದು? ನೀವು ಇಷ್ಟು ತೆಳ್ಳಗಿದ್ದೀರಲ್ಲ, ನಿಮಗ್ಯಾಕೆ ಬಂತು?”

ಬೆಳಗ್ಗೆ ನಾನು ಮಾತ್ರೆ ನುಂಗುವುದನ್ನು ನೋಡಿ ಆರನೇ ತರಗತಿಯ ಮೊಮ್ಮಗಳು ಕೇಳಿದಳು. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿರುವುದು ಹಳೆಯ ಲೆಡ್ಜರುಗಳಲ್ಲಿ. ಲೆಡ್ಜರ್ ಎಂದರೆ ನನಗೆ ಚೆನ್ನಾಗಿ ಗೊತ್ತು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಸೂಲಗಿತ್ತಿಯರು ಪ್ರತಿ ಮಗುವಿನ ತೂಕ ಬರೆದಿಡುತ್ತಿದ್ದರು. ಮಗುವಿಗೆ ವರ್ಷ ತುಂಬಿದಾಗ ಮತ್ತೆ ತೂಗುತ್ತಿದ್ದರು. ಈ ಏರ್ಪಾಟು ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಹೆಣ್ಣುಮಗಳದು. ಹೃದ್ರೋಗ ಸುಖಪುರುಷರ ಕಾಯಿಲೆ ಎಂದು ಜನ ನಂಬಿದ್ದ ಕಾಲದಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಹಿಂದೆ ಎಲ್ಲಿ ಬಡತನವಿದ್ದು ಹಸುಗೂಸುಗಳು ಹೆಚ್ಚಾಗಿ ಸಾಯುತ್ತಿದ್ದವೋ, ಅಲ್ಲೇ ಈಗ ಹೃದ್ರೋಗದಿಂದ ಹೆಚ್ಚು ಜನ ಸಾಯುತ್ತಿದ್ದರು. ಅವರು ಆ ಲೆಡ್ಜರುಗಳನ್ನು ತೆಗೆಸಿ 5,654 ಗಂಡಸರ ಲೆಕ್ಕ ನೋಡಿದರು. ಒಂದನೇ ವರ್ಷದಲ್ಲಿ 18 ಪೌಂಡು, ಅಂದರೆ ಸುಮಾರು ಎಂಟು ಕಿಲೋ, ಇಲ್ಲವೇ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗದ ಸಾವು, 27 ಪೌಂಡು ಅಥವಾ ಅದಕ್ಕೂ ಮೇಲೆ ತೂಗಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಇದು ಪ್ರಕಟವಾದದ್ದು 1989ರಲ್ಲಿ.

ನಮ್ಮ ಮೈಸೂರಿನಲ್ಲೂ ಅಂಥ ಲೆಡ್ಜರುಗಳಿವೆ. ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ದೊಡ್ಡವರಾದ ಮೇಲೂ ಹತ್ತಿರದಲ್ಲೇ ವಾಸವಾಗಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯೂ ಸೊರಗಿದ್ದು ಮಗುವೂ ಸಣ್ಣದಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಕಾರಣ ಹೀಗೆ. ತಿಂಗಳ ಸಂಬಳ ಸಾಲದಿದ್ದರೆ ನಾವು ಅಕ್ಕಿ, ರಾಗಿ ಮೊದಲು ತಂದು ಮನೆ ರಿಪೇರಿಯನ್ನು ಮುಂದಕ್ಕೆ ಹಾಕುತ್ತೇವೆ. ಹೊಟ್ಟೆಯಲ್ಲಿರುವ ಕೂಸೂ ಹಾಗೆಯೇ. ಆಹಾರ ಸಾಲದಾದಾಗ ಇದ್ದದ್ದನ್ನು ಮೊದಲು ಮಿದುಳಿಗೆ ಕೊಡುತ್ತದೆ. ಮೂತ್ರಪಿಂಡಕ್ಕೆ, ಇನ್ಸುಲಿನ್ ತಯಾರಿಸುವ ಗ್ರಂಥಿಗೆ ಕೊರತೆಯಾಗುತ್ತದೆ. ರಕ್ತ ಸೋಸುವ ಸಣ್ಣ ಸಣ್ಣ ಜರಡಿಗಳು ಹುಟ್ಟುವ ಮುಂಚೆಯೇ ತಯಾರಾಗಿಬಿಡುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಇಂಥ ದೇಹಕ್ಕೆ ಮುಂದೆ ಕೈತುಂಬ ಸಂಬಳ, ಹೊಟ್ಟೆತುಂಬ ಅನ್ನ, ಕುಳಿತಲ್ಲೇ ಕೆಲಸ ಸಿಕ್ಕಾಗ ಅದನ್ನು ತಾಳಿಕೊಳ್ಳುವುದು ಕಷ್ಟ. ಚಿಕ್ಕಂದಿನ ಸಾಲಕ್ಕೆ ಚಕ್ರಬಡ್ಡಿ ಬೆಳೆಯುತ್ತದೆ.

ನಾನು ಹುಟ್ಟಿದ್ದು ಮನೆಯಲ್ಲೇ. ನನ್ನ ತೂಕ ಯಾರೂ ಬರೆದಿಡಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಒಂದೇ ಹೊತ್ತು ಊಟವಿತ್ತಂತೆ, ಅಕ್ಕ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ನನ್ನ ಜೊತೆಗೇ ಸೇರಿದ ಗೆಳೆಯ ಹೊಲಮನೆ ಇದ್ದವರ ಮಗ. ಇಬ್ಬರಿಗೂ ಒಂದೇ ಸಂಬಳ, ಒಂದೇ ಕ್ಯಾಂಟೀನ್ ಊಟ. ನನಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂತು. ಅವನು ಇಂದಿಗೂ ಲಾಡು ತಿನ್ನುತ್ತಾನೆ. ಇಬ್ಬರ ಕಥೆಯಿಂದ ಏನೂ ರುಜುವಾತಾಗುವುದಿಲ್ಲ ನಿಜ. ಆದರೂ ಮೈಸೂರಿನ ಆ ಅಂಕಿ ಓದಿದ ದಿನ ನನಗೆ ಅಮ್ಮನ ನೆನಪಾಯಿತು.

“ಹಾಗಾದ್ರೆ ಮುತ್ತಜ್ಜಿದೇ ತಪ್ಪಾ, ತಾತ?” ಎಂದಳು ಮೊಮ್ಮಗಳು.

ಗಂಟಲು ಕಟ್ಟಿತು. “ಇಲ್ಲ ಪುಟ್ಟಿ. ಇದ್ದದ್ದನ್ನು ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಅವಳು ಉಣ್ಣುತ್ತಿದ್ದಳು. ತಪ್ಪು ಪಾತ್ರೆ ತುಂಬದೇ ಇದ್ದದ್ದರದು.”

ಮಕ್ಕಳೇ, ಸಣ್ಣದಾಗಿ ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದು ಹೆದರಬೇಡಿ. ನೂರಕ್ಕೆ 11 ಅಂದರೆ ಉಳಿದ 89 ಮಂದಿಗೆ ಹೃದ್ರೋಗ ಇರಲಿಲ್ಲ. ಆಟ, ನಡಿಗೆ, ಹಿತಮಿತವಾದ ಊಟ ಬಡ್ಡಿಯನ್ನು ಇಳಿಸುತ್ತವೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಶುರುವಾಯಿತು; ಆಮೇಲೆ ಶಾಲೆಗಳಲ್ಲಿ ಬಿಸಿಯೂಟ, ಹಾಲು ಬಂದವು. ಇವು ಭಿಕ್ಷೆಯಲ್ಲ, ಮುಂದಿನ ಐವತ್ತು ವರ್ಷದ ಠೇವಣಿ. ಬಿಸಿಯೂಟಕ್ಕೆ ಎರಡನೇ ಸಲ ತಟ್ಟೆ ಹಿಡಿಯುವ ಗೆಳೆಯನನ್ನು ನೋಡಿ ನಗಬೇಡಿ.

ಅಜ್ಜಿ ತಾತಂದಿರೇ, “ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ” ಎಂದು ಬಸುರಿಯರ ಕೈ ಹಿಡಿಯಬೇಡಿ. ಅವರಿಗೇ ಮೊದಲು ಬಡಿಸಿ.

ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಈಗ ಆರು ತಿಂಗಳು. ಬೆಳಗ್ಗೆ ಏಳಕ್ಕೆ ಬರಿಹೊಟ್ಟೆಯಲ್ಲಿ ಬರುತ್ತಾಳೆ ಎಂಬುದನ್ನು ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ. ಮರುದಿನ ಮೊಮ್ಮಗಳು ಅವಳ ಕೈಯಿಂದ ಪೊರಕೆ ತೆಗೆದುಕೊಂಡು, “ಅಕ್ಕ, ಮೊದಲು ತಿಂಡಿ” ಅಂದಳು.